ವೀರಣ್ಣನಿಗೆ ಹಲ್ಲಿಲ್ಲ

ಸಿಂಗಾಪುರ ಗ್ರಾಮ, ಬೆಂಗಳೂರು
9 ಜೂನ್ 2024

ಕಲಾವತಿಗೆ,

ಹನ್ನೊಂದು ವರ್ಷದ ಮೇಲೆ ನಿನ್ನ ಅಪ್ಪ ರಾಮಕೃಷ್ಣಪ್ಪ ಬರೆಯುತ್ತಿರುವ ಕಾಗದ. ವಿಳಾಸವನ್ನು ನಿನ್ನ ಅಣ್ಣ ಸುಬ್ರಮಣಿಯಿಂದ ಪಡೆದೆ. ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಯಾರ ಹೆಸರಿಗೆ ಎಳ್ಳುನೀರು ಬಿಟ್ಟಿದೆಯೋ ಅವರ ಜೊತೆ ಮಾತಾಡಬಾರದು ಎಂದು ಹಿರಿಯರು ಹೇಳಿದ್ದಾರೆ. ಕಾಗದ ಬರೆಯಬಾರದು ಎಂದು ಯಾರೂ ಹೇಳಿಲ್ಲ. ಯಶವಂತಪುರ ಬಸ್ ಸ್ಟ್ಯಾಂಡಿನಲ್ಲಿ ನೌಕರಿಯೆಲ್ಲ ಟೈಮ್ ಕೀಪರ್ ಆಗಿ ಕಳೆದವನು ನಾನು. ನಿಯಮದೊಳಗೆ ಸಂದು ಹುಡುಕುವುದು ನನಗೆ ಬರುತ್ತದೆ.

ವಿಷಯ ವೀರಣ್ಣನ ಕಲ್ಲಿನದು. ರಸ್ತೆ ಅಗಲ ಮಾಡುವವರು ಕಲ್ಲನ್ನು ಕಿತ್ತರು. ಜೆಸಿಬಿಯವನು ಪುಣ್ಯಾತ್ಮ, ಒಡೆಯದೆ ಎತ್ತಿಕೊಟ್ಟ. ಈಗ ಅದು ನಮ್ಮ ಪಡಸಾಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಕುಲಸ್ಥರೆಲ್ಲ ಸೇರಿ ಕೆರೆ ಕಡೆಯ ಮೂಲೆಯಲ್ಲಿ ಮಂಟಪ ಕಟ್ಟಿಸುತ್ತಿದ್ದೇವೆ. ಯಜಮಾನಿಕೆ ನಿನ್ನ ಚಿಕ್ಕಪ್ಪ ಬಾಲರಾಜನದು. ಮಹಾಲಯ ಅಮಾವಾಸ್ಯೆಗೆ ಪ್ರತಿಷ್ಠಾಪನೆ. ಯಾವ ಯುದ್ಧ, ಯಾವ ದಿನ ಸತ್ತ ಎಂದು ಕಪ್ಪು ಕಲ್ಲಿನ ಮೇಲೆ ಕೆತ್ತಿಸಬೇಕಂತೆ.

ನಮಗೆ ಗೊತ್ತಿರುವುದು ಇಷ್ಟೇ. ನನ್ನ ಮುತ್ತಜ್ಜ ಪಿಳ್ಳಮುನಿಯಪ್ಪ ಬೆಂಗಳೂರು ದಂಡಿನ ರಸ್ತೆ ಕಡಿಯುವ ಪಲ್ಟನ್ನಿಗೆ ಸೇರಿದ. ಬ್ರಿಟಿಷರ ಜೊತೆ ಕಾಬೂಲಿನ ಕಡೆಗೆ ಹೋದ. ಅಲ್ಲಿ ಜರ್ಗಲ್ ಎಂಬ ಕಣಿವೆಯಲ್ಲಿ ಗುಡ್ಡದ ಪಠಾಣರ ಮೇಲೆ ಬಿದ್ದು, ಹೋರಾಡಿ ಸತ್ತ. ಆಗ ಅವನಿಗೆ ಇಪ್ಪತ್ತಾರು. ಮಗ, ಅಂದರೆ ನನ್ನ ತಾತ, ಇನ್ನೂ ಎಳೆಗೂಸು. ಹೆಣ ಬರಲಿಲ್ಲ, ಸುದ್ದಿ ಬಂತು. ತಿಥಿ ಮಾಡಿ, ವೀರಣ್ಣ ಎಂದು ಕರೆದು ಕಲ್ಲು ನಿಲ್ಲಿಸಿದರು. ಅವನು ಸತ್ಯವುಳ್ಳ ದೇವರು ಎನ್ನುವುದಕ್ಕೆ ಗುರುತನ್ನು ನಿನಗೆ ಚಿಕ್ಕಂದಿನಲ್ಲೇ ಹೇಳಿದ್ದೇನೆ. ಅಮಾವಾಸ್ಯೆಯ ದಿನ ಕಲ್ಲಿನ ಮುಂದೆ ಮುದ್ದೆ, ಬಾಡಿನ ಸಾರು ಎಡೆ ಇಟ್ಟು, ತಿರುಗಿ ನೋಡದೆ ಬರಬೇಕು. ಆ ಕಾಲದಲ್ಲಿ ಸಂಜೆ ಹೋಗಿ ನೋಡಿದರೆ ಎಲೆ ಖಾಲಿ. ಕಾಗೆ ನಾಯಿ ತಿಂದ ಹಾಗಲ್ಲ. ಉಂಡವರು ಮಡಿಸಿಟ್ಟ ಹಾಗೆ ಎಲೆ ಮಡಿಸಿರುತ್ತಿತ್ತಂತೆ. ಇನ್‌ಫ್ಲುಯೆನ್ಜಾ ಬಂದ ವರ್ಷ ಮಾತ್ರ ಎಡೆ ಹಾಗೇ ಉಳಿಯಿತು. ವೀರಣ್ಣ ಮುನಿದ ಎಂದರು. ಆಮೇಲೆ ಅವನು ಯಾವತ್ತೂ ಉಣ್ಣಲಿಲ್ಲ.

ನೀನು ಮತ್ತಿಕೆರೆಯ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತೀಯ. ಹುಡುಕಿ ಬರೆದು ಕಳಿಸು. ನನಗಾಗಿ ಬೇಡ, ವೀರಣ್ಣನಿಗಾಗಿ.

ರಾಮಕೃಷ್ಣಪ್ಪ


ಆರ್.ಟಿ. ನಗರ
23 ಜೂನ್ 2024

ಅಪ್ಪ,

ಲಕೋಟೆಯ ಮೇಲಿನ ಅಕ್ಷರ ನೋಡಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅಡುಗೆಮನೆಯಿಂದ ಬಂದ ನನ್ನ ಅತ್ತೆ ಶಹರ್ಬಾನು, "ಏನಾಯ್ತು ಬೇಟಿ, ಯಾರು ಹೋದ್ರು?" ಎಂದರು. ಯಾರೂ ಹೋಗಿಲ್ಲ, ಅಪ್ಪ ಬರೆದಿದ್ದಾರೆ ಎಂದೆ.

ಜರ್ಗಲ್ ಸಿಕ್ಕಿತು. 1897, ಅಕ್ಟೋಬರ್ ಇಪ್ಪತ್ತು. ಎರಡು ಬೆಟ್ಟಗಳ ನಡುವೆ ಒಂದು ಎತ್ತಿನ ಗಾಡಿ ಹೋಗಲಾರದಷ್ಟು ಇಕ್ಕಟ್ಟಿನ ದಾರಿ. ಮೇಲೆ ಗುಡ್ಡದವರು ಕಲ್ಲಿನ ಅಡ್ಡಗೋಡೆ ಕಟ್ಟಿಕೊಂಡು ಹಳೆಯ ಬಂದೂಕು ಹಿಡಿದು ಕೂತಿದ್ದರು. ಉರುಳಿಸಲು ಬಂಡೆಗಳನ್ನು ಅಂಚಿಗೆ ತಂದಿಟ್ಟಿದ್ದರು. ಕೆಳಗೆ ಬ್ರಿಟಿಷರ ಫಿರಂಗಿ. ಫಿರಂಗಿ ಹೋಗಲು ದಾರಿ ಬೇಕಲ್ಲ, ಅದಕ್ಕೆ ನಮ್ಮ ಪಲ್ಟನ್ನಿನವರ ಕೈಗೆ ಹಾರೆ ಗುದ್ದಲಿ ಕೊಟ್ಟು ಎಲ್ಲರಿಗಿಂತ ಮುಂದೆ ಕಳಿಸಿದರು. "ಮೇಲೆ ಬಿದ್ದು ಹೋರಾಡಿ" ಎಂದು ಕೆತ್ತಿಸಬೇಡಿ ಅಪ್ಪ. ಅವನು ದಾರಿಯ ಕಲ್ಲು ಎತ್ತಿ ಪಕ್ಕಕ್ಕೆ ಇಡುತ್ತಿದ್ದಾಗ ಮೇಲಿನಿಂದ ಬಂಡೆ ಬಂದಿರಬೇಕು.

ಸಂಜೆಗೆ ಕಣಿವೆ ಗೆದ್ದರು. ಮರುದಿನ ಆಚೆಯ ಹಳ್ಳಿಗಳ ಮನೆಗಳಿಗೂ ಕಾಳಿನ ಕಣಜಗಳಿಗೂ ಬೆಂಕಿ ಇಟ್ಟರು, ಚಳಿಗಾಲ ಎದುರಿಗೇ ಇತ್ತು. ಆ ಗುಡ್ಡದವರೇನು ನಮ್ಮ ಸಿಂಗಾಪುರಕ್ಕೆ ಬಂದಿದ್ದರೇ? ನಾವೇ ಅವರ ಬಾಗಿಲಿಗೆ ಹೋದದ್ದು. ಸತ್ತ ಸಾಹೇಬರ ಹೆಸರುಗಳು ಇಂಗ್ಲಿಷ್ ಪುಸ್ತಕಗಳಲ್ಲಿವೆ. ನಮ್ಮವರದೂ ಇಲ್ಲ, ಅವರದೂ ಇಲ್ಲ.

ಇನ್ನು ನನ್ನ ಮಾತು. ಅಮ್ಮನಿಗೆ ಲಕ್ವ ಹೊಡೆದಿರುವುದನ್ನು ಸುಬ್ರಮಣಿಯ ಮಗಳು ಅಕ್ಷಯಾ ಹೇಳಿದಳು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದಾರಂತೆ. ಕಲ್ಲಿಗೆ ಗೋಣಿ ಹೊದಿಸಿದ್ದನ್ನು ಬರೆದಿರಿ, ಅಮ್ಮನ ಬಗ್ಗೆ ಒಂದು ಸಾಲಿಲ್ಲ. ನಾನು ಬಂದು ಅವಳನ್ನು ನೋಡಬೇಕು. ಗಂಡ ಮನ್ಸೂರನನ್ನಾಗಲೀ, ನೀವು ನೋಡದ ನಿಮ್ಮ ಮೊಮ್ಮಗಳು ನಿಶಾತಳನ್ನಾಗಲೀ ಕರೆತರುವುದಿಲ್ಲ. ಒಬ್ಬಳೇ ಬಂದು ಅವಳ ಪಕ್ಕ ಒಂದಷ್ಟು ಹೊತ್ತು ಕೂತು ಹೋಗುತ್ತೇನೆ. ಬರಲೇ?

ಕಲಾವತಿ


ಸಿಂಗಾಪುರ
7 ಜುಲೈ 2024

ಕಲಾವತಿಗೆ,

ಯುದ್ಧದ ದಿನ ತಿಳಿಸಿದ್ದಕ್ಕೆ ಎಲ್ಲರಿಗೂ ಸಂತೋಷ. ಗುದ್ದಲಿಯ ವಿಷಯ ಬಾಲರಾಜನಿಗೆ ಹೇಳಲಿಲ್ಲ. ವೀರಣ್ಣ ಕತ್ತಿ ಹಿಡಿದು ಕುದುರೆ ಏರಿದ ಚಿತ್ರವನ್ನು ಅವನು ಆಗಲೇ ಬರೆಸಿದ್ದಾನೆ.

ನೀನು ಬರುವ ಹಾಗಿಲ್ಲ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ನಿನ್ನ ಮದುವೆಯ ಸುದ್ದಿ ಬಂದ ವಾರ, ಕೆರೆಯಲ್ಲಿ ಮೊಣಕಾಲುದ್ದ ನಿಂತು ನಿನ್ನ ಹೆಸರಿಗೆ ಎಳ್ಳುನೀರು ಬಿಟ್ಟೆ. ಕೋಪದಲ್ಲಿ ಬಿಟ್ಟದ್ದು ನಿಜ. ಬಿಟ್ಟ ನೀರು ಮತ್ತೆ ಕೈಗೆ ಬರುವುದಿಲ್ಲ. ಎಳ್ಳುನೀರು ಬಿಟ್ಟವರು ಹೊಸ್ತಿಲು ದಾಟಿದರೆ ಆ ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆ. ಇದು ನಮ್ಮ ಮನೆತನದ ಕಟ್ಟು, ಬೇರೆ ಯಾರ ಮನೆಯಲ್ಲೂ ಇಷ್ಟು ಬಿಗಿ ಇಲ್ಲ. ಯಾರ ಕಾಲದಿಂದ ಬಂತು ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಆ ಹೆಣ ನನ್ನದು ಎಂದು ಯಾರಾದರೂ ಬರೆದುಕೊಟ್ಟರೆ ಈಗಲೇ ಬಾ ಎನ್ನುತ್ತೇನೆ. ಆದರೆ ನಮ್ಮ ಮನೆಯಲ್ಲಿ ಈಗ ಅಂಚಿನಲ್ಲಿ ಮಲಗಿರುವುದು ನಿನ್ನ ಅಮ್ಮ ವರಲಕ್ಷ್ಮಿ. ಅವಳು ಇನ್ನೂ ಸ್ವಲ್ಪ ದಿನ ಇರಬೇಕು ನನಗೆ.

ಮಾತು ತೊದಲುತ್ತದೆ. ಒಂದೊಂದೇ ಪದ ಆಡುತ್ತಾಳೆ. ಗಂಜಿ ಕುಡಿಯುತ್ತಾಳೆ.

ತಪ್ಪು ಮೊದಲು ನನ್ನದೇ. ಪ್ರತಿ ವರ್ಷ ಎಡೆಯಾದ ಮೇಲೆ ಅಮೃತಹಳ್ಳಿಯ ಸಾಬರ ಮನೆಗೆ ಒಂದು ಬುಟ್ಟಿ ಕಳಿಸುವ ಪದ್ಧತಿ ಇತ್ತಲ್ಲ, ವೀರಣ್ಣನ ಜೊತೆ ದಂಡಿಗೆ ಹೋಗಿದ್ದವರ ಮನೆ ಅಂತ. ನಾನು ಸ್ಕೂಟರಿನ ಮೇಲೆ ಬೀದಿಯಲ್ಲೇ ಇರುತ್ತಿದ್ದೆ, ನೀನು ಒಳಗೆ ಹೋಗಿ ಕೊಟ್ಟು ಬರುತ್ತಿದ್ದೆ. ಕೊನೆಗೆ ಬುಟ್ಟಿ ಹೊತ್ತವಳೇ ಆ ಮನೆ ಸೇರಿದಳು. ಆವತ್ತಿನಿಂದ ಬುಟ್ಟಿ ನಿಲ್ಲಿಸಿದ್ದೇನೆ.

ರಾಮಕೃಷ್ಣಪ್ಪ


ಆರ್.ಟಿ. ನಗರ
4 ಆಗಸ್ಟ್ 2024

ಅಪ್ಪ,

ಬುಟ್ಟಿಯ ಮಾತನ್ನು ನೀವೇ ತೆಗೆದಿರಿ. ಆ ಸಾಲನ್ನು ಅತ್ತೆಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

"ಬುಟ್ಟಿ ಯಾಕ್ ಬರ್ತಿತ್ತು ಅಂತ ನಿಮ್ಮಪ್ಪಂಗೆ ಗೊತ್ತೇ ಇಲ್ವಾ?"

"ವೀರಣ್ಣನ ಜೊತೆ ನಿಮ್ಮೋರು ಹೋಗಿದ್ರು ಅಂತ ತಾನೆ ಅಮ್ಮೀ?"

"ಹೋಗಿದ್ದು ಗೊತ್ತು. ವಾಪಸ್ ಬಂದಿದ್ದು?"

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ನನ್ನ ಮಾವನವರ ಮುತ್ತಜ್ಜ ಮದಾರ್ ಸಾಬ್ ಅದೇ ಪಲ್ಟನ್ನಿನ ಭಿಸ್ತಿ, ಚರ್ಮದ ಚೀಲದಲ್ಲಿ ನೀರು ಹೊರುವವನು. ಜರ್ಗಲ್ ಗೆದ್ದ ಸಂಜೆ, ಬಿದ್ದವರ ನಡುವೆ ನೀರು ಕೊಡುತ್ತಾ ಹೋದಾಗ ಬಂಡೆಗಳ ಸಂದಿಯಿಂದ "ಅವ್ವಾ, ನೀರು" ಎಂದು ಕನ್ನಡದಲ್ಲಿ ಕೇಳಿಸಿತಂತೆ. ಪಿಳ್ಳಮುನಿಯಪ್ಪ. ಒಂದು ಕಾಲು ಜಜ್ಜಿಹೋಗಿತ್ತು. ಅಷ್ಟರಲ್ಲಿ ಅವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿ ಪಲ್ಟನ್ ಮುಂದೆ ಹೋಗಿತ್ತು. ಮದಾರ್ ಸಾಬ್ ಅವನನ್ನು ಎಳೆದು ಹೇಸರಗತ್ತೆಯ ಮೇಲೆ ಹಾಕಿಕೊಂಡು ಬಂದ. ಕಾಲು ಕತ್ತರಿಸಿದರು. ಜ್ವರ, ಆಸ್ಪತ್ರೆ, ಮತ್ತೆ ಜ್ವರ. ಸತ್ತ ಸುದ್ದಿಯನ್ನು ಸರ್ಕಾರ ಸಿಂಗಾಪುರಕ್ಕೆ ಮುಟ್ಟಿಸಿತು. ಬದುಕಿದ ಸುದ್ದಿ ಕಳಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ವರ್ಷ ಕಳೆದು ಮದಾರ್ ಸಾಬ್ ಅವನನ್ನು ಎತ್ತಿನ ಗಾಡಿಯಲ್ಲಿ ಊರಿಗೆ ಕರೆತಂದ. ತಿಥಿ ಮುಗಿದಿತ್ತು, ಹೆಂಡತಿಯ ಬಳೆ ಒಡೆದಾಗಿತ್ತು, ಕಲ್ಲು ನಿಂತಿತ್ತು. ಅವನ ಅಪ್ಪ ಬಾಗಿಲಿಗೆ ಅಡ್ಡ ನಿಂತು, "ನನ್ ಮಗ ಸತ್ತೋದ. ಎಳ್ಳುನೀರು ಬಿಟ್ಟಾಯ್ತು. ನೀನು ಅವನ ರೂಪದಾಗೆ ಬಂದಿರೋ ಪೀಡೆ. ವಸ್ಲು ದಾಟಿದ್ರೆ ಇನ್ನೊಂದು ಎಣ ಬೀಳ್ತದೆ" ಅಂದನಂತೆ. ಒಳಗೆ ಹೆಂಡತಿ ಅಳುವುದು ಗಾಡಿಯವರೆಗೂ ಕೇಳಿಸುತ್ತಿತ್ತಂತೆ. ಬಾಗಿಲು ಹಾಕಿಕೊಂಡರು.

ಮದಾರ್ ಸಾಬ್ ಗಾಡಿಯನ್ನು ಅಮೃತಹಳ್ಳಿಗೆ ತಿರುಗಿಸಿದ. ನಿಮ್ಮ ವೀರಣ್ಣ ಅಲ್ಲಿನ ಇವರ ಹಳೆಯ ಮನೆಯ ಹಿತ್ತಲಿನ ಕೋಣೆಯಲ್ಲಿ ಹಗ್ಗ ಹೊಸೆದುಕೊಂಡು ಇಪ್ಪತ್ತು ವರ್ಷ ಬದುಕಿದ. ಮಹಾಲಯ ಅಮಾವಾಸ್ಯೆಯ ದಿನ ಮಾತ್ರ ಕೋಲೂರಿಕೊಂಡು ಹೋಗಿ ತನ್ನ ಕಲ್ಲಿನ ಹಿಂದಿನ ಪೊದೆಯಲ್ಲಿ ಕೂರುತ್ತಿದ್ದ. ಮನೆಯವರು ಎಡೆ ಇಟ್ಟು, ತಿರುಗಿ ನೋಡದೆ ಹೊರಟ ಮೇಲೆ, ತನ್ನ ಎಡೆಯನ್ನು ತಾನೇ ಉಂಡು, ಎಲೆ ಮಡಿಸಿಟ್ಟು ಬರುತ್ತಿದ್ದ. "ಹೆಂಡ್ತಿ ಕೈ ಅಡ್ಗೆ. ವರ್ಷಕ್ಕೊಂದ್ಸಲ ಆದ್ರೂ ಸಿಕ್ತಲ್ಲ" ಎನ್ನುತ್ತಿದ್ದನಂತೆ. ಇನ್‌ಫ್ಲುಯೆನ್ಜಾದಲ್ಲಿ ಸತ್ತ. ಅದು ಮುನಿಸಲ್ಲ ಅಪ್ಪ. ಅದರ ಮುಂದಿನ ವರ್ಷ ಅವನ ಹೆಂಡತಿ ಮೊದಲ ಬುಟ್ಟಿ ಕಳಿಸಿದಳು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅವ್ರ ದೇವ್ರು ಬೇಟಿ. ನಾವ್ ಹೆಂಗೆ ಬಾಯ್ ಬಿಡೋದು?" ಎಂದರು.

ನಿಮ್ಮ ಮನೆತನದ ಕಟ್ಟು ಮೊದಲು ಬಿದ್ದದ್ದು ವೀರಣ್ಣನ ಮೇಲೆಯೇ. ಈಗ ಹೇಳಿ, ಬರಲೇ?

ಕಲಾವತಿ


ಸಿಂಗಾಪುರ
25 ಆಗಸ್ಟ್ 2024

ಕಲಾವತಿ,

ನಿನ್ನ ಕಾಗದವನ್ನು ಹರಿದುಹಾಕಿದೆ. ಆಮೇಲೆ ಚೂರುಗಳನ್ನು ಆರಿಸಿ ಜೋಡಿಸಿ ಮತ್ತೆ ಓದಿದೆ. ಬೀಗರ ಮನೆಯಲ್ಲಿ ಕಟ್ಟಿದ ಕಥೆ ಎಂದು ಬರೆಯಲು ಕೂತವನು, ಸಿಟ್ಟು ತಡೆಯದೆ ನಿನ್ನ ಅಮ್ಮನ ಮಂಚದ ಹತ್ತಿರ ಹೋದೆ. "ಕೇಳ್ದೇನೆ ನಿನ್ ಮಗಳ ಮಾತು? ವೀರಣ್ಣ ಕಣಿವೇಲಿ ಸಾಯ್ಲೇ ಇಲ್ವಂತೆ, ಆಮೇಲೂ ಇಪ್ಪತ್ ವರ್ಷ ಬದ್ಕಿದ್ನಂತೆ" ಎಂದೆ.

ಅವಳು "ಅಲ್ಲು" ಎಂದಳು. ಅರ್ಥವಾಗಲಿಲ್ಲ. "ವೀರಣ್ಣಂಗೆ... ಅಲ್ಲಿಲ್ಲ" ಎಂದಳು. ನನಗೆ ಬುದ್ಧಿಯೂ ಹೋಯಿತೇನೋ ಎಂದು ಗಾಬರಿಯಾಯಿತು. ಸುಬ್ರಮಣಿಯ ಹೆಂಡತಿ ರಾಧಾಮಣಿ ಗಂಜಿ ತಂದವಳು ನಿಂತು ಹೇಳಿದಳು: "ಅತ್ತೆ ನಂಗೆ ಎಡೆ ಅಡ್ಗೆ ಕಲಿಸ್ದಾಗ ಯೇಳಿದ್ದೇ ಅಂಗೆ ಮಾವ. ವೀರಣ್ಣಂಗೆ ಅಲ್ಲಿಲ್ಲ, ಬಾಡು ಬೆಣ್ಣೆ ಅಂಗೆ ಬೇಯ್ಬೇಕು, ಮೂಳೆ ಬೀಳ್ಬಾರ್ದು, ಮುದ್ದೆ ಮೆತ್ಗಿರ್ಬೇಕು ಅಂತ. ಅವ್ರಿಗೆ ಅವ್ರತ್ತೆ ಯೇಳಿದ್ರಂತೆ."

ಇಪ್ಪತ್ತಾರಕ್ಕೆ ಸತ್ತವನಿಗೆ ಹಲ್ಲು ಯಾಕೆ ಇರುವುದಿಲ್ಲ? ಹುಟ್ಟಿದಾಗಿನಿಂದ ಆ ಬಾಡು ತಿಂದು ಬೆಳೆದವನಿಗೆ ಇದು ಒಂದು ದಿನವೂ ಹೊಳೆಯಲಿಲ್ಲ. ಮಡಿಸಿದ ಎಲೆಯೊಳಗೆ ಅಗಿಯಲಾಗದೆ ಬಿಟ್ಟ ಒಂದೆರಡು ತುಂಡು ನೋಡಿ ಅವನ ಹೆಂಡತಿ ತಿಳಿದುಕೊಂಡಿರಬೇಕು. ಬಾಗಿಲು ಗಂಡಸರ ಕೈಯಲ್ಲಿತ್ತು. ಒಲೆ ಅವಳದು. ವರ್ಷ ವರ್ಷ ಇನ್ನಷ್ಟು ಮೆತ್ತಗೆ ಬೇಯಿಸುತ್ತಾ ಹೋದಳು. ನಾವು ಎಡೆ ಹೊತ್ತುಕೊಂಡು ಮುಂದೆ ಮುಂದೆ ನಡೆದೆವು.

ನಂಬಿದೆ. ನಂಬಿದರೂ ಬಾ ಎನ್ನಲು ನಾಲಿಗೆ ಏಳುವುದಿಲ್ಲ. ಸುಳ್ಳಿನಿಂದ ಹುಟ್ಟಿದ ಭಯವೂ ಭಯವೇ ತಾನೆ? ಅಮಾವಾಸ್ಯೆ ಕಳೆಯಲಿ. ಪ್ರತಿಷ್ಠಾಪನೆಯ ದಿನ ಕುಲಸ್ಥರ ಮುಂದೆ ಎಲ್ಲವನ್ನೂ ಹೇಳಿ, ಕಟ್ಟು ಬಿಡಿಸಿ, ಮರುದಿನವೇ ನಿನ್ನನ್ನು ಕರೆಸುತ್ತೇನೆ.

ಅಪ್ಪ


ಆರ್.ಟಿ. ನಗರ
1 ಸೆಪ್ಟೆಂಬರ್ 2024

ಅಪ್ಪ,

ಅಮಾವಾಸ್ಯೆಗೆ ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ಅಮ್ಮ ಕಾಯುತ್ತಾಳೆಂದು ನಿಮಗೆ ಯಾರು ಹೇಳಿದರು?

ನಿಮ್ಮನ್ನು ಕೇಳದೆ ನುಗ್ಗಬಹುದು. ಮೊನ್ನೆ ಬಂದಿದ್ದೆ ಕೂಡ. ಬೀದಿ ತಿರುವಿನ ಬೇಕರಿಯ ಹತ್ತಿರ ನಿಂತು ಮಹಡಿಯಲ್ಲಿ ಒಣಗಿಹಾಕಿದ್ದ ಅಮ್ಮನ ಸೀರೆ ನೋಡಿದೆ. ಕಾಲು ಮುಂದಕ್ಕೆ ಬರಲಿಲ್ಲ. ನಾನು ದಾಟಿದ ಮೇಲೆ ಅವಳಿಗೆ ಏನಾದರೂ ಆದರೆ ನನ್ನಿಂದ ಎಂದು ನೀವು ಸಾಯುವವರೆಗೂ ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಳ್ಳುತ್ತೇನೆ, ಅದು ಇನ್ನೂ ಕಷ್ಟ. ಎಷ್ಟು ಓದಿದರೇನು, ಅದೇ ಮನೆಯ ಮುದ್ದೆ ತಿಂದವಳು. ಆದ್ದರಿಂದ ನೀವೇ ಕರೆಯಬೇಕು. ಕುಲಸ್ಥರು ಬೇಡ, ಪ್ರತಿಷ್ಠಾಪನೆ ಬೇಡ. ಬಾ ಎಂದು ಒಂದು ಮಾತು ಹೇಳಿ ಅಪ್ಪ. ಕಾಲಿಗೆ ಬಿದ್ದು ಕೇಳುತ್ತಿದ್ದೇನೆ.

ಕಲಾವತಿ


ಸಿಂಗಾಪುರ
18 ಸೆಪ್ಟೆಂಬರ್ 2024

ಕಲಾವತಿ,

ಅಮ್ಮ ಭಾನುವಾರ ಬೆಳಗ್ಗೆ ಹೋದದ್ದು ನಿನಗೆ ಗೊತ್ತು. ಅಕ್ಷಯಾ ಹೇಳಿರಬೇಕು. ಹೆಬ್ಬಾಳದ ಚಿತಾಗಾರದ ಗೇಟಿನ ಹತ್ತಿರ ನೀನು ನಿಂತದ್ದನ್ನು ನೋಡಿದೆ. ಅಲ್ಲಿ ಯಾವ ಹೊಸ್ತಿಲೂ ಇರಲಿಲ್ಲ. ಕರೆದು ಮುಖ ತೋರಿಸಬಹುದಿತ್ತು. ಬಾಲರಾಜ್ ಪಕ್ಕದಲ್ಲಿದ್ದ, ಕುಲಸ್ಥರೆಲ್ಲ ಇದ್ದರು. ನಾನು ಮುಖ ತಿರುಗಿಸಿದೆ.

ಕೊನೆಯ ವಾರ ಅವಳು ನಿನ್ನ ಹೆಸರು ಹೇಳುತ್ತಿದ್ದಳು. ಬೇರೆ ಪದಗಳೆಲ್ಲ ತೊದಲಿದರೂ ಅದೊಂದು ಸ್ಪಷ್ಟವಾಗಿತ್ತು. ನಾನು ಕೇಳಿಸದವನ ಹಾಗೆ ಗಂಜಿ ಕಲಸುತ್ತಿದ್ದೆ.

ನೀನು ದಾಟಲಿಲ್ಲ. ಆದರೂ ಹೆಣ ಹೊರಟಿತು. ಇನ್ನು ಹೆದರಲು ನನ್ನ ಹತ್ತಿರ ಏನೂ ಉಳಿದಿಲ್ಲ. ಬುಧವಾರ ಇಪ್ಪತ್ತೈದಕ್ಕೆ ಹನ್ನೊಂದನೆಯ ದಿನದ ಕಾರ್ಯ. ಬಾ. ಗಂಡನನ್ನೂ ಮಗಳನ್ನೂ ಕರೆದುಕೊಂಡು ಬಾ. ಯಾರು ಏನೆಂದರೂ ಬಾಗಿಲು ತೆಗೆದಿರುತ್ತದೆ.

ಅಪ್ಪ


ಆರ್.ಟಿ. ನಗರ
29 ಸೆಪ್ಟೆಂಬರ್ 2024

ಅಪ್ಪ,

ಕಾಗದ ಸಮಯಕ್ಕೆ ಸಿಕ್ಕಿತ್ತು. ಬೇಕೆಂದೇ ಬರಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಅಮ್ಮ ನಗುತ್ತಿದ್ದಳು. ನೀವು ಕೊಳ್ಳೆ ಹೋದ ಮೇಲೆ ತೆಗೆದಿರಿ. ಆ ಮನೆಯಲ್ಲಿ ನಾನು ನೋಡಬೇಕಾಗಿದ್ದದ್ದು ಒಬ್ಬಳನ್ನು. ಅವಳಿಲ್ಲದ ಮೇಲೆ ಒಳಗೆ ಬಂದು ಯಾರ ಮುಖ ನೋಡಲಿ? ನಿಮ್ಮ ಮೇಲೆ ನನಗೆ ಬಹಳ ಕೋಪ ಇದೆ. ಯಾವತ್ತಾದರೂ ಇಳಿಯುತ್ತದೆ ಎಂದು ಸುಳ್ಳು ಬರೆಯಲಾರೆ.

ಬುಧವಾರ ಅತ್ತೆ ಒಲೆ ಹಚ್ಚಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತಿದ್ದರು. ಸಂಜೆ, "ನಿಮ್ಮಪ್ಪ ಒಂಟಿ ಆಗೋದ್ರು. ಬರಕ್ಕೆ ಹೇಳು" ಎಂದರು. ನಾನು ಹೇಳುವುದಿಲ್ಲ ಎಂದೆ. "ನೀನ್ ಹೇಳ್ಬೇಡ. ನಾನ್ ಹೇಳ್ದೆ ಅಂತ ಬರಿ. ನಮ್ ಮನೇಲಿ ಯಾರನ್ನೂ ಸತ್ತಿದೀಯಾ, ಬದ್ಕಿದೀಯಾ ಅಂತ ಕೇಳಲ್ಲ. ಬರ್ಲಿ" ಎಂದರು. ಹಿರಿಯರ ಮಾತು, ಬರೆದಿದ್ದೇನೆ.

ಕಲಾವತಿ


ಸಿಂಗಾಪುರ
10 ನವೆಂಬರ್ 2024

ಮಗಳೇ,

ಪ್ರತಿಷ್ಠಾಪನೆ ಆಯಿತು. ಸಾವಾದ ಮನೆಯವನೆಂದು ನನ್ನನ್ನು ದೂರ ಕೂರಿಸಿದ್ದರು. ಅಲ್ಲಿಂದಲೇ ಎದ್ದು ನಿಂತು, ಪಿಳ್ಳಮುನಿಯಪ್ಪ ಕಣಿವೆಯಲ್ಲಿ ಸಾಯಲಿಲ್ಲ, ನಮ್ಮ ಬಾಗಿಲಿಗೆ ಬಂದಿದ್ದ, ನಾವೇ ಹೊರಗಿಟ್ಟೆವು ಎಂದು ಹೇಳಿದೆ. ಬಾಲರಾಜ್ ಹೆಗಲ ಮೇಲೆ ಕೈ ಹಾಕಿ, "ಅತ್ಗೆ ತೀರೋದ ದುಃಖ ಅಣ್ಣಂಗೆ. ಕೂತ್ಕೊಳಣ್ಣ, ಕೆತ್ಸಾಗೋಗಿದೆ" ಎಂದ. ಎಲ್ಲರೂ ಊಟಕ್ಕೆ ಎದ್ದರು.

ಊಟದ ಪಂಕ್ತಿಯಲ್ಲಿ ಹಿರಿಯರನ್ನೆಲ್ಲ ಒಂದು ಮಾತು ಕೇಳುತ್ತಾ ಹೋದೆ. ಪಿಳ್ಳಮುನಿಯಪ್ಪನ ಅಪ್ಪನ ಹೆಸರೇನು? ಯಾರಿಗೂ ಗೊತ್ತಿಲ್ಲ. ದೇವನಹಳ್ಳಿ ಕಡೆಯ ನೆಂಟರನ್ನೂ ಕೇಳಿದೆ. ಅವನ ಹೆಂಡತಿ ಅಕ್ಕಯ್ಯಮ್ಮನ ಹೆಸರು ನಮ್ಮ ರಾಧಾಮಣಿಗೂ ಗೊತ್ತು. ನೀರು ಹೊತ್ತ ಮದಾರ್ ಸಾಬನ ಹೆಸರು ನಿಮ್ಮ ಮನೆಯಲ್ಲಿ ಉಳಿದಿದೆ. ಬಾಗಿಲು ಹಾಕಿದವನ ಹೆಸರು ಮಾತ್ರ ಯಾರಿಗೂ ಬೇಡವಾಗಿದೆ. ಇಷ್ಟು ತಲೆಮಾರು ಎಡೆ ಇಟ್ಟವರು ಅವನ ಹೆಸರು ಹೇಳಿ ಒಂದು ತುತ್ತು ಇಟ್ಟಿಲ್ಲ. ಅವನೂ ಏನೋ ಹೆದರಿಕೊಂಡೇ ಹಾಕಿರಬೇಕು ಬಾಗಿಲನ್ನು. ಒಳಗೆ ಎಳೆಗೂಸು ಇತ್ತು. ಅದನ್ನು ಯಾರು ನೆನಪಿಟ್ಟುಕೊಂಡರು?

ಕಳೆದ ಭಾನುವಾರ ನಿಮ್ಮ ಮನೆಯ ಹತ್ತಿರ ಬಂದಿದ್ದೆ. ಗೇಟು ತೆಗೆದಿತ್ತು. ಮೆಟ್ಟಿಲ ಮೇಲೆ ಒಂದು ಹುಡುಗಿ ಪೆನ್ಸಿಲ್ ಕೆತ್ತುತ್ತಾ ಕೂತಿತ್ತು, ನಿನ್ನ ಅಮ್ಮನದೇ ಹಣೆ ಅದಕ್ಕೆ. "ಯಾರ್ ಬೇಕಿತ್ತು ತಾತ?" ಎಂದಿತು. ಮುದುಕರನ್ನೆಲ್ಲ ಹಾಗೆ ಕರೆಯುತ್ತಾರೆ, ಗೊತ್ತು. ಮನೆ ತಪ್ಪಿ ಬಂದೆನಮ್ಮ ಎಂದು ಹೇಳಿ ಬಸ್ ಹತ್ತಿದೆ. ಯಾರೂ ನನ್ನನ್ನು ತಡೆಯಲಿಲ್ಲ. ಒಳಗೆ ಬರಲಾಗಲಿಲ್ಲ, ಅಷ್ಟೇ.

ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು, ಗೇಟಿನವರೆಗೆ ಬಂದು ನಿಂತುಬಿಡುತ್ತೇನೆ. ಕೋಪ ಬಿಡು ಎಂದು ಕೇಳುತ್ತಿಲ್ಲ. ಬನ್ನಿ ಅಪ್ಪ ಎಂದು ಕರೆಯಲೂಬೇಡ. ಕರೆದರೆ ಇನ್ನೊಂದು ನೆಪ ಹೇಳಿ ತಿರುಗಿಬಿಡುತ್ತೇನೆ. ಕೋಪದಲ್ಲೇ ಬಂದು, ಕೈ ಹಿಡಿದು, ಒಳಕ್ಕೆ ಎಳೆದುಕೊ.

ನಿನ್ನ ಅಪ್ಪ